ಹೆಚ್ಚುಕಡಿಮೆ ಆದರೆ

ಮಾರ್ಚ್ 3, ಸೋಮವಾರ

ಭಯವನ್ನು ಯಾರಿಗಾದರೂ ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಕೇಳುವವರಿಲ್ಲ. ಅತ್ತೆಗೆ ಹೇಳಿದರೆ ಮಾತು ಮುಗಿಯುವ ಮೊದಲೇ "ಬಿಡ್ತು ಅನ್ನು" ಎನ್ನುತ್ತಾರೆ. ಇವರಿಗೆ ಹೇಳಿದರೆ ನಗುತ್ತಾರೆ. ಅದಕ್ಕೇ ಆಫೀಸಿನಲ್ಲಿ ಅರ್ಧ ತುಂಬಿ ಬಿದ್ದಿದ್ದ ಹಳೆಯ ರಿಜಿಸ್ಟರೊಂದನ್ನು ಎತ್ತಿಕೊಂಡು ಬಂದಿದ್ದೇನೆ. ಇವರು ಮಧ್ಯಾಹ್ನ ಎರಡರ ಪಾಳಿಗೆ ಹೋದ ದಿನ, ಸಂಜೆ ಅತ್ತೆ ಟೀವಿ ಮುಂದೆ ಕೂತಾಗ ಬರೆಯುವುದು ಅಂತ.

ಇವತ್ತಿನ ಭಯಕ್ಕೆ ಕಾರಣ ನನ್ನ ಟೇಬಲ್ಲಿಗೆ ಬಂದ ಒಂದು ಫೈಲು. ನಮ್ಮದು ಮೀನನ್ನು ಹೆಪ್ಪುಗಟ್ಟಿಸಿ ಹೊರದೇಶಕ್ಕೆ ಕಳಿಸುವ ಕೋಲ್ಡ್ ಸ್ಟೋರೇಜು. ನಾನು ಅಲ್ಲಿ ಹತ್ತೊಂಬತ್ತು ವರ್ಷದಿಂದ ಪತ್ರ ಬರೆಯುವ ಗುಮಾಸ್ತೆ. ಇವರು ಅಲ್ಲೇ ಮೆಷಿನ್ ರೂಮಿನಲ್ಲಿ ಆಪರೇಟರು. ತಂಪಿಗಾಗಿ ಅಲ್ಲಿನ ಪೈಪುಗಳಲ್ಲಿ ಓಡುವುದು ಅಮೋನಿಯ ಗ್ಯಾಸು. ಅದು ಹೊರಗೆ ಬಂದರೆ ಕಣ್ಣಿಗೆ ಏನಾಗುತ್ತದೆ, ಶ್ವಾಸಕೋಶಕ್ಕೆ ಏನಾಗುತ್ತದೆ ಎಂದು ಪತ್ರಗಳನ್ನು ಟೈಪು ಮಾಡಿ ಮಾಡಿ ನನಗೆ ಬಾಯಿಪಾಠವಾಗಿದೆ. ಹಾಗಾಗಿಯೇ ಇಷ್ಟು ವರ್ಷದಲ್ಲಿ ಒಂದು ಸಲವೂ ಆ ರೂಮಿನ ಹೊಸ್ತಿಲು ತುಳಿದಿಲ್ಲ. ಮನೆಯ ಸಿಲಿಂಡರ್ ಆಫ್ ಆಗಿದೆಯೇ ಎಂದು ಮೂರು ಸಲ ನೋಡಿ, ನಾಲ್ಕನೆಯ ಸಲ ನೋಡಲು ಬೀದಿಯ ತಿರುವಿನಿಂದ ವಾಪಸು ಬರುವವಳು ನಾನು. ನನ್ನ ಧೈರ್ಯ ಅಷ್ಟರದ್ದು.

ಮುಂದಿನ ತಿಂಗಳು ಮೀನು ಕೊಳ್ಳುವವರ ಕಡೆಯ ಇನ್‌ಸ್ಪೆಕ್ಟರು ಬರುತ್ತಾರಂತೆ. ಮೆಷಿನ್ ರೂಮಿನ ಬಾಗಿಲಲ್ಲಿ ತುರ್ತು ಸೂಚನೆಯ ಹಾಳೆ ಇರಬೇಕಂತೆ, ಇಂಗ್ಲಿಷಿನಲ್ಲಿ ಒಂದು, ಕೆಲಸಗಾರರ ಭಾಷೆಯಲ್ಲಿ ಒಂದು. ಹೆಡ್ಡಾಫೀಸಿನಿಂದ ಬಂದ ಕರಡಿನಲ್ಲಿ ಆರು ಅಂಶಗಳಿವೆ. ಆರನೆಯದು ಹೀಗೆ ಶುರುವಾಗುತ್ತದೆ: ಇಫ್ ದಿ ವರ್ಸ್ಟ್ ಕಮ್ಸ್ ಟು ದಿ ವರ್ಸ್ಟ್. ಆಮೇಲೆ ಒಂದು ಕಾಮಾ. ಆಮೇಲೆ ಚುಕ್ಕಿಗಳ ಒಂದು ಗೆರೆ, ಅಷ್ಟೆ.

ಮ್ಯಾನೇಜರು ಕರೆದು ಹೇಳಿದರು: "ಹೋದ ವರ್ಷ ಈ ಮಾತನ್ನ ತಪ್ಪಾಗಿ ಬರೆದು ಕಳಿಸಿ ಮರ್ಯಾದೆ ಹೋಯ್ತು ಮೇಡಂ. ಹೆಡ್ಡಾಫೀಸಲ್ಲಿ ಓದಿ ಓದಿ ನಕ್ಕರಂತೆ. ಈ ಸಲ ಡಿಕ್ಷನರಿ ನೋಡ್ಕೊಂಡು ಸರಿಯಾಗಿ ಬಳಸಿ."

ಇವರು ಹತ್ತು ಗಂಟೆಗೆ ಬರುತ್ತಾರೆ. ಇನ್ನೂ ಎರಡೂವರೆ ಗಂಟೆ ಇದೆ.

ಮಾರ್ಚ್ 4, ಮಂಗಳವಾರ

ಆಫೀಸಿನ ಕಪಾಟಿನಲ್ಲಿದ್ದ ಮೂರು ಡಿಕ್ಷನರಿಗಳನ್ನೂ ತೆಗೆದು ನೋಡಿದೆ. ಒಂದರಲ್ಲಿ ಕರಡಿನಲ್ಲಿದ್ದ ಹಾಗೆಯೇ ಇದೆ. ಇನ್ನೊಂದರಲ್ಲಿ "ವರ್ಸ್ ಕಮ್ಸ್ ಟು ವರ್ಸ್ಟ್" ಎಂದೂ ನಡೆಯುತ್ತದೆ ಎಂದಿದೆ. ಮೂರನೆಯದಕ್ಕೆ ಆ ಪುಟವೇ ಇಲ್ಲ. ಅಲ್ಲಿಗೆ ಎರಡೂ ಸರಿ, ಯಾರೂ ಯಾರನ್ನೂ ನೋಡಿ ನಗಬೇಕಾಗಿರಲಿಲ್ಲ.

ಆದರೆ ಉದಾಹರಣೆಗಳನ್ನು ಓದುತ್ತಾ ಹೋದ ಹಾಗೆ ನನಗೆ ಬೇರೆಯದೇ ಒಂದು ಕಣ್ಣಿಗೆ ಬಿತ್ತು. ಹೋಟೆಲಿನಲ್ಲಿ ರೂಮು ಸಿಗದಿದ್ದರೆ, ಅಂಥ ಗತಿಯೇ ಬಂದರೆ, ಸ್ಟೇಷನ್ನಿನ ಬೆಂಚಿನ ಮೇಲೆ ಮಲಗೋಣ. ಕಡೆಗೆ ಏನೂ ನಡೆಯದಿದ್ದರೆ ಕಾರು ಮಾರೋಣ. ಎಲ್ಲ ಉದಾಹರಣೆಗಳಿಗೂ ಎರಡು ಭಾಗ. ಕೆಟ್ಟದ್ದು ಬಂದರೆ ಏನು ಮಾಡುವುದೆಂದು ಆ ಜನ ಮೊದಲೇ ಕೂತು ತೀರ್ಮಾನಿಸಿಬಿಟ್ಟಿದ್ದಾರೆ. ಆ ಮಾತು ಇರುವುದೇ ಅದಕ್ಕೆ. ನಮ್ಮ ಆರನೆಯ ಅಂಶಕ್ಕೆ ಮಾತ್ರ ಒಂದೇ ಭಾಗ.

ನಮ್ಮ ಭಾಷೆಯಲ್ಲಿ ಇದಕ್ಕೆ ಡಿಕ್ಷನರಿ ಬೇಡ. "ಏನಾದ್ರೂ ಹೆಚ್ಚುಕಡಿಮೆ ಆದ್ರೆ" ಎನ್ನುತ್ತೇವೆ. ಅಂದು, ಅಲ್ಲಿಗೇ ನಿಲ್ಲಿಸಿ, ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ಫೈಲು ತೆಗೆದುಕೊಂಡು ಹೋಗಿ, "ಸರ್, ಮಾತು ಸರಿಯಾಗಿದೆ. ಇದರ ಮುಂದೆ ಏನು ಬರೀಲಿ?" ಎಂದೆ.

"ಅದು ಟೆಕ್ನಿಕಲ್ ವಿಷಯ. ಪ್ಲಾಂಟಿನವರನ್ನ ಕೇಳಿ. ನೀವು ಭಾಷೆ ನೋಡಿದ್ರೆ ಸಾಕು."

ಪ್ಲಾಂಟಿನವರನ್ನು ಕೇಳಬೇಕೆಂದರೆ ಆ ರೂಮಿಗೆ ಹೋಗಬೇಕು.

ಮಾರ್ಚ್ 6, ಗುರುವಾರ

ಹೋದೆ. ಬೆಳಿಗ್ಗೆಯೇ ಹೋದೆ, ಇವರು ಇರದ ಹೊತ್ತು ನೋಡಿ.

ಒಳಗೆ ಮಾತು ಕೇಳಿಸದಷ್ಟು ಸದ್ದು. ನನ್ನ ಸೊಂಟದಷ್ಟು ದಪ್ಪದ ಪೈಪುಗಳು, ಮೇಲೆ ಬೆರಳುದ್ದ ಹಿಮ. ಗಾಳಿಯಲ್ಲಿ ಮೂಗಿನ ತುದಿಯನ್ನು ಚಿವುಟುವ ವಾಸನೆ. ಅದು ನನಗೆ ಹೊಸದಲ್ಲ, ಇವರ ಅಂಗಿಯ ವಾಸನೆಯೇ. ಹೆಡ್ ಆಪರೇಟರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ಬಾಗಿಲಿನಾಚೆ ಕರೆದು ಅವರನ್ನು ಕೇಳಿದೆ: ದೊಡ್ಡ ಸೋರಿಕೆ ಆದರೆ ಏನು ಮಾಡುತ್ತೀರಿ?

"ಈಗ್ಯಾಕೆ ಆ ಮಾತು ತಂಗಿ, ಒಳ್ಳೇ ಬೆಳಿಗ್ಗೆ ಹೊತ್ತಲ್ಲಿ?"

"ಬರೀಬೇಕು ಮೇಸ್ತ್ರಿ. ಇನ್‌ಸ್ಪೆಕ್ಟರಿಗೆ."

"ಬರೀಯೋಕೇನಿದೆ? ಯಾರ ಪಾಳೀಲಿ ಆಗತ್ತೋ ಅವರು ವಾಲ್ವ್ ಬಂದ್ ಮಾಡಿ ಆಚೆಗೆ ಬರೋದು. ಮೊದಲಿಂದ ಹಾಗೇ. ನಿಮ್ ಯಜಮಾನ್ರೇ ಇದಾರಲ್ಲ, ಎರಡು ವರ್ಷದ ಹಿಂದೆ ಒದ್ದೆ ಟವೆಲ್ ಮುಖಕ್ಕೆ ಸುತ್ಕೊಂಡು ನುಗ್ಗಿದ್ರು ನೋಡಿ, ಎರಡೇ ನಿಮಿಷ! ಗಂಡಸು ಅಂದ್ರೆ ಅದು."

ಎರಡು ವರ್ಷದ ಹಿಂದೆ ಇವರು ಕಣ್ಣು ಕೆಂಡದಂತೆ ಮಾಡಿಕೊಂಡು ಬಂದು, ವೆಲ್ಡಿಂಗ್ ಬೆಳಕು ನೋಡಿಬಿಟ್ಟೆ ಅಂದಿದ್ದರು. ನಾನು ನಾಲ್ಕು ದಿನ ತಣ್ಣೀರು ಬಟ್ಟೆ ಇಟ್ಟಿದ್ದೆ, ಆ ಸುಳ್ಳಿನ ಮೇಲೆ.

ಮಾಸ್ಕು ಎಲ್ಲಿ ಎಂದೆ. ತೋರಿಸಿದರು. ಎರಡು ಇವೆ. ಒಂದರ ಗಾಳಿ ಸೋಸುವ ಡಬ್ಬಿಯ ಅವಧಿ ಮುಗಿದು ನಾಲ್ಕು ವರ್ಷ. ಇನ್ನೊಂದಕ್ಕೆ ಡಬ್ಬಿಯೇ ಇಲ್ಲ.

ನಾನು ಮೆಟ್ಟಿಲಿಳಿದೆ. ಹಿಂದಿನಿಂದ ಮೇಸ್ತ್ರಿ ನಗುತ್ತಾ, "ವಾಲ್ವ್ ಬಿಟ್ಟು ಓಡಿದವನು ಇಲ್ಲಿ ಒಬ್ಬನೇ ತಂಗಿ. ಗೇಟಲ್ಲಿ ಕೂತಿದಾನೆ" ಎಂದರು. ಗೇಟಿನ ವಾಚ್‌ಮನ್ನನ್ನು ಎಲ್ಲರೂ ಓಟಗಾರ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಓಟದಲ್ಲಿ ಕಪ್ಪು ಗೆದ್ದಿರಬೇಕು ಅಂದುಕೊಂಡಿದ್ದೆ ನಾನು.

ಮಾರ್ಚ್ 7, ಶುಕ್ರವಾರ

ಇವರು ಪಾಳಿಗೆ ಹೊರಡುವ ಮೊದಲು, ಊಟ ಬಡಿಸುತ್ತಾ ಕೇಳಿಬಿಟ್ಟೆ. ಅರ್ಧ ದಿನ ರಜೆ ಹಾಕಿದ್ದೆ, ಅದಕ್ಕಾಗಿಯೇ.

"ಟವೆಲ್ ಕಟ್ಕೊಂಡು ಒಳಗೆ ಹೋಗಿದ್ರಂತೆ."

"ಯಾರಂದ್ರು? ಮೇಸ್ತ್ರಿ ಬಾಯಿ ಬಿಗಿ ಇಲ್ಲ."

"ಇನ್ನೊಂದು ಸಲ ಹಾಗಾದ್ರೆ?"

"ಆದ್ರೆ ಏನು, ಬಂದ್ ಮಾಡೋದು. ಇನ್ನೇನು, ಓಡಿ ಹೋಗ್ಲಾ?"

"ಓಡಿ ಬನ್ನಿ ಅಂತಲೇ ಹೇಳ್ತಿರೋದು."

ಇವರು ನಕ್ಕರು. "ಆಮೇಲೆ ಗೇಟಲ್ಲಿ ನನಗೂ ಒಂದು ಸ್ಟೂಲ್ ಹಾಕ್ತಾರೆ. ಆ ಹೆಸರು ಹೊತ್ಕೊಂಡು ಇಪ್ಪತ್ತು ವರ್ಷ ಬದುಕೋದಕ್ಕಿಂತ..."

ಅತ್ತೆ ಒಳಗಿನಿಂದಲೇ ಕೂಗಿದರು: "ಬಿಡ್ತು ಅನ್ನೋ! ಊಟದ ಹೊತ್ತಲ್ಲಿ ಏನು ಮಾತು ನಿಮ್ಮಿಬ್ಬರದೂ!"

ಇವರು ಊಟ ಮಾಡಿದರು. ಇವರು ಹೊರಟಾಗ ಮಾಮೂಲಿನಂತೆ "ಬರ್ತೀನಿ" ಎಂದರು. ನಾನು ಮಾಮೂಲಿನಂತೆ "ಹೂಂ" ಎಂದೆ. ಇಡೀ ಸಂಜೆ ಅದನ್ನೇ ನೆನೆದು ಕೂತಿದ್ದೇನೆ.

ಮಾರ್ಚ್ 9, ಭಾನುವಾರ

ಅಂಗಿಗಳನ್ನು ಎರಡು ಸಲ ಒಗೆದೆ. ವಾಸನೆ ಹೋಗಿಲ್ಲ.

ಮಾರ್ಚ್ 11, ಮಂಗಳವಾರ

ಫೈಲು ಒಂದು ಸುತ್ತು ತಿರುಗಿ ಬಂದಿದೆ. ನಗಬೇಕೋ ಅಳಬೇಕೋ ತಿಳಿಯದು.

ಸ್ಟೋರಿನವರು "ದಿ" ಎರಡು ಕಡೆ ಬೇಕೇ ಎಂದು ಕೇಳಿದ್ದಾರೆ. ಮ್ಯಾನೇಜರು ಒಂದನ್ನು ಹೊಡೆದಿದ್ದಾರೆ. ಹೆಡ್ಡಾಫೀಸಿನವರು ಅದನ್ನು ಹಸಿರು ಇಂಕಿನಲ್ಲಿ ವಾಪಸು ಸೇರಿಸಿದ್ದಾರೆ. ಅಲ್ಲಿ ಇನ್ನೂ ಮೇಲಿನ ಯಾರೋ, ಈ ಮಾತು ಸೂಚನಾಪತ್ರಕ್ಕೆ ತೀರಾ ಆಡುಮಾತಾಯಿತಲ್ಲವೇ ಎಂದು ಅಂಚಿನಲ್ಲಿ ಬರೆದಿದ್ದಾರೆ. ಮೊದಲರ್ಧಕ್ಕೆ ನಾಲ್ಕು ಬಣ್ಣದ ಇಂಕು ಬಿದ್ದಿದೆ. ಚುಕ್ಕಿಗಳ ಗೆರೆಯ ಮೇಲೆ ಒಬ್ಬರದೂ ಪೆನ್ನು ಊರಿಲ್ಲ. ಮೇಸ್ತ್ರಿಯಂತೂ ಏನೂ ಬರೆಯದೆ ಫೈಲನ್ನು ಹಾಗೇ ದಾಟಿಸಿದ್ದಾರೆ.

ಕೊನೆಯಲ್ಲಿ ಮ್ಯಾನೇಜರೇ ಪೆನ್ಸಿಲಿನಲ್ಲಿ ಬರೆದರು, ಪೆನ್ಸಿಲಿನಲ್ಲಿ: ಯುಕ್ತ ಕ್ರಮ ಕೈಗೊಳ್ಳುವುದು.

"ಯಾರು ಸರ್, ಕೈಗೊಳ್ಳೋದು?"

"ಯುಕ್ತ ಅನ್ನಿಸಿದವರು."

ಗ್ಯಾಸು ಮುಖಕ್ಕೆ ಹೊಡೆದಾಗ ಯಾರಿಗೆ ಏನು ಯುಕ್ತ ಅನ್ನಿಸುತ್ತದೆ? ಇವರಿಗೆ ಏನು ಅನ್ನಿಸುತ್ತದೆಂದು ನನಗೆ ಗೊತ್ತು. ಟವೆಲ್ ಒದ್ದೆ ಮಾಡುತ್ತಾರೆ.

ಮಾರ್ಚ್ 12, ಬುಧವಾರ

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಗೇಟಿಗೆ ಹೋಗಿ ಓಟಗಾರರ ಪಕ್ಕ ಸ್ಟೂಲಿನ ಮೇಲೆ ಕೂತೆ. ನನ್ನನ್ನು ನೋಡಿ ಅವರು ಎದ್ದು ನಿಂತರು, ಯಾವುದೋ ದೂರು ಬಂದಿರಬೇಕೆಂದು. ಅರವತ್ತರ ಹತ್ತಿರದ ಮನುಷ್ಯ. ಅವರಿಗೂ ನನ್ನ ಹಾಗೇ ಆಫೀಸಿನ ಕಾಗದವೆಂದರೆ ಭಯ.

"ಅಣ್ಣಾ, ಆವತ್ತು ಏನಾಯ್ತು ಹೇಳಿ" ಎಂದೆ.

ಅವರು ಮತ್ತೆ ಕೂತುಕೊಂಡರು. ಆಮೇಲೆ ಹೇಳಿದರು. ನಾನು ಸೇರುವುದಕ್ಕೆ ಮೂರು ವರ್ಷ ಮೊದಲಿನ ಕಥೆ. ಯಂತ್ರದಿಂದ ಎಣ್ಣೆ ತೆಗೆಯುವಾಗ ವಾಲ್ವು ಕಚ್ಚಿಕೊಂಡಿತು. ಎಣ್ಣೆಯ ಹಿಂದೆ ಗ್ಯಾಸು ಬಂತು. ಪಾಳಿಯಲ್ಲಿ ಇಬ್ಬರಿದ್ದರು. ಓಟಗಾರರು ಹೊರಗೆ ಓಡಿದರು. ಇನ್ನೊಬ್ಬರು ನಿಂತರು.

"ಅವನ ಫೋಟೋ ನಿಮ್ಮ ಆಫೀಸಿನ ಗೋಡೆ ಮೇಲಿದೆಯಲ್ಲಮ್ಮ."

ಇದೆ. ನನ್ನ ಕುರ್ಚಿಯ ಮೇಲೆಯೇ ಇದೆ. "ಕರ್ತವ್ಯಕ್ಕೆ ಪ್ರಾಣ ಕೊಟ್ಟವರು" ಎಂದು ಕೆಳಗೆ ಬರೆದಿದೆ. ಆ ಗಾಜನ್ನು ವಾರಕ್ಕೊಮ್ಮೆ ಒರೆಸುವವಳು ನಾನು.

"ವಾಲ್ವ್ ಮುಚ್ಚಿ ಸತ್ತರು ಅಂತ ಕೇಳಿದ್ದೆ."

"ಎಲ್ಲಿ ಮುಚ್ಚಿದ? ಅರ್ಧ ಸುತ್ತು ತಿರುಗಿಸಿದ್ದ, ಅಷ್ಟೇ. ಉಳಿದಿದ್ದನ್ನ ಫೈರ್ ಎಂಜಿನ್ನಿನವರು ಬಂದು ಮುಚ್ಚಿದ್ರು, ಬೆನ್ನಿಗೆ ಸಿಲಿಂಡರ್ ಹಾಕ್ಕೊಂಡು. ಬಾ ಅಂತ ಕೈ ಹಿಡಿದು ಎಳೆದೆ ಅಮ್ಮಾ ನಾನು. ಕೊಡವಿಕೊಂಡ. ಅವನಿಗೆ ಫೋಟೋ ಹಾಕಿದ್ರು, ನನಗೆ ಹೆಸರಿಟ್ರು."

ಅವರ ಕಣ್ಣಲ್ಲಿ ನೀರಿರಲಿಲ್ಲ. ನನ್ನದರಲ್ಲಿತ್ತು. ಏನು ಮಾಡಬೇಕು ಹೇಳಿ, ಬರೆದುಕೊಳ್ಳುತ್ತೇನೆ ಎಂದೆ. ಅವರು ಪಾಠ ಒಪ್ಪಿಸುವವರಂತೆ ಹೇಳಿದರು, ಇಪ್ಪತ್ತೆರಡು ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದವರಂತೆ. ಗೇಟಿನ ಕಂಬಕ್ಕೆ ಒಂದು ಚಿಂದಿ ಬಟ್ಟೆ ಕಟ್ಟಿಟ್ಟಿದ್ದಾರೆ, ಗಾಳಿಯ ದಿಕ್ಕು ನೋಡಲು. ಹರಿದಾಗ ಬದಲಾಯಿಸುತ್ತಾರೆ. ನಾವೆಲ್ಲ ಅದನ್ನು ಕೊಳಕು ಅಂದುಕೊಂಡಿದ್ದೆವು. ಯಂತ್ರ ನಿಲ್ಲಿಸುವ ಬಟನ್ ಇರುವುದು ರೂಮಿನ ಒಳಗೆ ಮಾತ್ರ, ಹೊರಗೂ ಒಂದು ಬೇಕು ಎಂದರು. ಊಟದ ಕೂಪನ್ನಿನ ಹಿಂದೆ ಬರೆದುಕೊಂಡೆ.

ಮಾರ್ಚ್ 14, ಶುಕ್ರವಾರ

ಓಟಗಾರರು ಹೇಳಿದ್ದನ್ನೆಲ್ಲ ಟೈಪು ಮಾಡಿ ಮ್ಯಾನೇಜರ ಮುಂದಿಟ್ಟೆ. ಓದಿ ಕನ್ನಡಕ ತೆಗೆದರು.

"ಇದೇನು ಮೇಡಂ? ಪ್ಲಾಂಟ್ ಬಿಟ್ಟು ಓಡಿ ಅಂತ ಕಂಪನಿ ಬರೆಯೋಕಾಗತ್ತಾ? ಗ್ಯಾಸೆಲ್ಲ ಹೋಗ್ಲಿ, ಮೀನೆಲ್ಲ ಕೊಳೀಲಿ ಅಂತ ನಾನು ಸೈನ್ ಮಾಡ್ಲಾ?"

"ಜನ ಉಳೀತಾರೆ ಸರ್."

"ಜನ ಉಳೀಬೇಕು, ಯಾರು ಬೇಡ ಅಂದ್ರು? ಅದನ್ನ ಬರೆಯೋ ರೀತಿ ಇದೆ. ಯುಕ್ತ ಕ್ರಮ ಅಂದ್ರೆ ಎಲ್ಲಾ ಬಂತು ಅದರಲ್ಲಿ."

"ಆಯ್ತು ಸರ್" ಎಂದೆ. ನನ್ನ ಬಾಯಿಗೆ ಗೊತ್ತಿರುವುದು ಅದೊಂದೇ ಮಾತು. ಹೊರಗೆ ಬಂದು ಬಾತ್‌ರೂಮಿನಲ್ಲಿ ಮುಖ ತೊಳೆದುಕೊಂಡೆ. ಅಲ್ಲಿಂದ ನೆಟ್ಟಗೆ ಎಲೆಕ್ಟ್ರಿಷಿಯನ್ನನ ಹತ್ತಿರ ಹೋಗಿ, ಮೆಷಿನ್ ರೂಮಿನ ಬಾಗಿಲಾಚೆ ಒಂದು ಕೆಂಪು ಬಟನ್ ಹಾಕಿಕೊಡಲು ಹೇಳಿದೆ.

"ಯಾರು ಹೇಳಿದ್ರು ಮೇಡಂ?"

"ಆರನೇ ಅಂಶದಲ್ಲಿದೆ. ಇನ್‌ಸ್ಪೆಕ್ಷನ್ನು."

ಇನ್‌ಸ್ಪೆಕ್ಷನ್ ಎಂದ ಕೂಡಲೇ ಅವನು ಡ್ರಿಲ್ ತೆಗೆದುಕೊಂಡ. ಸುಳ್ಳು ಹೇಳಿಬಿಟ್ಟಿದ್ದೇನೆ. ಸಿಕ್ಕಿಬಿದ್ದರೆ ಏನು ಹೇಳಲಿ? ಇಂಥ ಪುಕ್ಕಲಿ ಇಂಥ ಕೆಲಸಕ್ಕೆ ಕೈಹಾಕಬಾರದು.

ಮಾರ್ಚ್ 15, ಶನಿವಾರ

ಅಂಟಿಸಿಬಿಟ್ಟೆ.

ಹೇಗಾಯಿತೋ ಬರೆದಿಡುತ್ತೇನೆ, ನಾಳೆ ನನಗೇ ನಂಬಿಕೆ ಬರಲಿಕ್ಕಿಲ್ಲ. ಇಂಗ್ಲಿಷ್ ಹಾಳೆ ಮ್ಯಾನೇಜರು ಹೇಳಿದಂತೆಯೇ ತಯಾರಾಯಿತು. ಎರಡು "ದಿ", ಒಂದು ಕಾಮಾ, ಯುಕ್ತ ಕ್ರಮ. ಅವರು ಸಂತೋಷದಿಂದ ನೋಡಿದರು. ನಮ್ಮ ಭಾಷೆಯ ಹಾಳೆಯನ್ನು ಯಾರೂ ಕೇಳಲೇ ಇಲ್ಲ. ಎರಡು ವಾರ ಫೈಲು ತಿರುಗಿದರೂ ಅದನ್ನು ಒಬ್ಬರೂ ಓದಿಲ್ಲ, ಒಂದು ಅಕ್ಷರ ತಿದ್ದಿಲ್ಲ. ಅದರಲ್ಲಿ ಆರನೆಯ ಅಂಶವನ್ನು ನಾನು ಹೀಗೆ ಟೈಪು ಮಾಡಿದೆ:

ಹೆಚ್ಚುಕಡಿಮೆ ಆದರೆ, ಯಾರನ್ನೂ ಕೇಳಬೇಡಿ. ವಾಲ್ವಿನ ಹತ್ತಿರ ಹೋಗಬೇಡಿ. ಹೊರಗೆ ಬಂದು ಕೆಂಪು ಬಟನ್ ಒತ್ತಿ. ಗೇಟಿನ ಕಂಬದ ಬಟ್ಟೆ ನೋಡಿ ಗಾಳಿಗೆ ಅಡ್ಡವಾಗಿ ಓಡಿ. ಗಾಳಿ ಬರುವ ಕಡೆ ಸೇರಿ ತಲೆ ಎಣಿಸಿ. ಫೈರ್ ಎಂಜಿನ್ ಕರೆಸಿ. ಓಡಿದವರನ್ನು ಯಾರೂ ಏನೂ ಅನ್ನಕೂಡದು.

ಕೆಳಗೆ "ಆದೇಶದ ಮೇರೆಗೆ" ಎಂದು ಹಾಕಿದ ಮೇಲೆ ಒಂದು ಸಹಿ ಬೇಕಲ್ಲ. ಮೇಸ್ತ್ರಿಯನ್ನು ಕೇಳಿದರೆ ಮ್ಯಾನೇಜರು ಮಾಡಲಿ ಎಂದರು. ಮ್ಯಾನೇಜರನ್ನು ಕೇಳಿದರೆ, ಹಾಳೆಯ ಕಡೆ ನೋಡದೆಯೇ, ಪ್ಲಾಂಟಿನವರದ್ದಲ್ವಾ, ಮೇಸ್ತ್ರಿ ಮಾಡಲಿ ಎಂದರು. ಮೂರು ಸಲ ಅಂಗಳ ದಾಟಿ ಕಾಲು ನೋವು ಬಂತು. ಕೊನೆಗೆ ನಾನೇ ಮಾಡಿದೆ. ಗೋಂದು ಹಚ್ಚಿ ಬಾಗಿಲಿಗೆ ಒತ್ತಿದೆ.

ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿದೆ. ಇವರು ಎದುರಾದಾಗ ಮುಖ ಆಚೆ ತಿರುಗಿಸಿಕೊಂಡು ಹೋದರು. ಕೆಲಸ ಹೋಗುತ್ತದೆ, ಖಂಡಿತ.

ಮಾರ್ಚ್ 18, ಮಂಗಳವಾರ

ಮೂರು ದಿನದಿಂದ ಇವರು ಮಾತು ಬಿಟ್ಟಿದ್ದಾರೆ. ಇವತ್ತು ವಾರದ ರಜೆ, ಮನೆಯಲ್ಲೇ ಇದ್ದರು. ಅದುಮಿಟ್ಟುಕೊಂಡಿದ್ದ ಸಿಟ್ಟು ನಾನು ಆಫೀಸಿನಿಂದ ಬಂದ ಕೂಡಲೇ ಒಡೆಯಿತು.

"ಹೆಂಡತಿ ಓಡು ಅಂತ ಬರೆದು ಅಂಟಿಸಿದಾಳೆ, ಏನಪ್ಪಾ ಶೂಸ್ ತಗೊಂಡ್ಯಾ ಅಂತಾರೆ. ಇಪ್ಪತ್ತು ವರ್ಷ ದುಡಿದು ನಾನು ಇದನ್ನ ಕೇಳಬೇಕಾ?"

"ಕೇಳಿ. ಕಿವಿಗೆ ಗ್ಯಾಸೇನೂ ಹೋಗಲ್ಲ."

ಹೀಗೆ ಎದುರಾಡಿದೆನೆಂದು ಈಗ ಬರೆಯುವಾಗ ನಾಚಿಕೆಯಾಗುತ್ತಿದೆ. ಇವರು ಕೈಯಲ್ಲಿದ್ದ ಲೋಟವನ್ನು ಸದ್ದಾಗುವಂತೆ ಇಟ್ಟರು. ಆಗ ಅತ್ತೆ ಟೀವಿ ಆಫ್ ಮಾಡಿದರು. ಅತ್ತೆ ತಾವಾಗಿ ಟೀವಿ ಆಫ್ ಮಾಡಿದ್ದನ್ನು ನಾನು ಈ ಮನೆಗೆ ಬಂದ ಮೇಲೆ ನೋಡಿರಲಿಲ್ಲ.

"ಅದೇನು ಬರೆದಿದ್ದೀಯೋ, ಓದು" ಎಂದರು.

ಬಾಯಿಪಾಠವಿತ್ತು. ಹೇಳಿದೆ. "ಬಿಡ್ತು ಅನ್ನು" ಎನ್ನುತ್ತಾರೆಂದು ಕಾದೆ. ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು. ಆಮೇಲೆ ಮಗನನ್ನು ನೋಡಿ ಹೇಳಿದರು:

"ಹಾಗೇನಾದ್ರೂ ಆದ್ರೆ ಓಡಿ ಬಾರೋ. ಯಾರು ಏನಾದ್ರೂ ಅಂದ್ಕೊಳ್ಳಲಿ. ನನಗೆ ನಿನ್ನ ಫೋಟೋ ಬೇಡ."

ಇವರು ಎದ್ದು ಹೊರಗೆ ಹೋದರು. ಅತ್ತೆ ಟೀವಿ ಹಾಕಿಕೊಂಡರು, ಸದ್ದು ಮಾತ್ರ ಹಾಕಲಿಲ್ಲ.

ಮಾರ್ಚ್ 20, ಗುರುವಾರ

ಆಯಿತು.

ಎಲ್ಲರೂ ಇದ್ದಾರೆ. ಇವರು ಒಳಗೆ ಮಲಗಿದ್ದಾರೆ. ನಾಳೆ ಬರೆಯುತ್ತೇನೆ.

ಮಾರ್ಚ್ 21, ಶುಕ್ರವಾರ

ನಿನ್ನೆ ಮಧ್ಯಾಹ್ನ ಮೂರು ಮುಕ್ಕಾಲು. ಒಂದು ಪತ್ರದ ವಿಳಾಸ ಟೈಪು ಮಾಡುತ್ತಿದ್ದೆ. ಅಂಗಳದಾಚೆ, ಪ್ರೆಷರ್ ಕುಕ್ಕರಿನ ಸೀಟಿಯನ್ನು ಯಾರೋ ನಿಲ್ಲಿಸದೆ ಊದಿದ ಹಾಗೆ ಸದ್ದು. ಆಮೇಲೆ ವಾಸನೆ. ಇವರ ಅಂಗಿಯದೇ ವಾಸನೆ, ಆದರೆ ಸಾವಿರ ಅಂಗಿಗಳಷ್ಟು.

ನನಗೆ ಮೊದಲು ನೆನಪಾದದ್ದು ಬಟ್ಟೆ. ಕಿಟಕಿಯಿಂದ ಗೇಟಿನ ಕಂಬ ನೋಡಿದೆ. ಗಾಳಿ ಗೋದಾಮಿನ ಕಡೆಗೆ ಹೊಡೆಯುತ್ತಿತ್ತು. ಅಂದರೆ ಆಫೀಸಿನ ಕಡೆ ಸರಿ. ಮ್ಯಾನೇಜರು ಫೋನು ಹಿಡಿದು ಹೆಡ್ಡಾಫೀಸಿಗೆ "ಏನು ಮಾಡೋದು ಸರ್, ಏನು ಮಾಡೋದು" ಎನ್ನುತ್ತಿದ್ದರು. ಪಕ್ಕದ ಫೋನಿನಿಂದ ನಾನು ಫೈರ್ ಎಂಜಿನ್ನಿಗೆ ಫೋನು ಮಾಡಿ ಹೊರಗೆ ಬಂದೆ. ಯಾಕೆ ಬಂದೆನೋ, ಓಡಬೇಕಾದವಳು ಸೈಕಲ್ ಸ್ಟ್ಯಾಂಡಿನ ಮೂಲೆಗೆ ಬಂದು ನಿಂತಿದ್ದೆ. ಅಲ್ಲಿಂದ ಮೆಷಿನ್ ರೂಮಿನ ಬಾಗಿಲು ಕಾಣುತ್ತದೆ.

ಬಿಳಿ ಹೊಗೆಯೊಳಗಿಂದ ಒಬ್ಬೊಬ್ಬರೇ ಬಂದರು. ಹೆಲ್ಪರು ಬಂದವನೇ ಕೆಂಪು ಬಟನ್ನಿಗೆ ಗುದ್ದಿದ. ಯಂತ್ರಗಳ ಸದ್ದು ನಿಂತು, ಸೀಟಿ ಮಾತ್ರ ಉಳಿಯಿತು. ಎಲ್ಲರೂ ಹಾಳೆಯಲ್ಲಿದ್ದ ಹಾಗೆಯೇ ಅಡ್ಡಲಾಗಿ ಓಡಿ ನನ್ನ ಕಡೆ ಬಂದರು. ಕೆಮ್ಮುತ್ತಾ, ಅಳುತ್ತಾ, ಅಂಗಿಯಲ್ಲಿ ಮುಖ ಮುಚ್ಚಿಕೊಂಡು. ನಾನು ಎಣಿಸಿದೆ. ಆರು. ಪಾಳಿಯಲ್ಲಿದ್ದವರು ಎಂಟು.

ಬಾಗಿಲಲ್ಲಿ ಇವರು ನಿಂತಿದ್ದರು. ನಲ್ಲಿಯ ಕೆಳಗೆ ಹಿಡಿದು ಟವೆಲ್ ಹಿಂಡುತ್ತಿದ್ದರು. ಅವರ ಮುಂದೆ ಮೇಸ್ತ್ರಿ, ಆಗಲೇ ಮುಖಕ್ಕೆ ಟವೆಲ್ ಕಟ್ಟಿಕೊಂಡು, ಎರಡು ಬೆರಳು ಎತ್ತಿ ತೋರಿಸುತ್ತಿದ್ದರು. ಎರಡೇ ನಿಮಿಷ. ತೋರಿಸಿ ಒಳಗೆ ಕಾಲಿಟ್ಟರು. ಇವರು ಟವೆಲ್ ಮುಖಕ್ಕೆ ಎತ್ತಿದರು.

"ರೀ" ಎಂದು ಕೂಗಿದೆ. ಆ ಸೀಟಿಯಲ್ಲಿ ಎಲ್ಲಿ ಕೇಳಬೇಕು? ಇನ್ನೊಂದು ಸಲ "ರೀ" ಎಂದೆ. ನನ್ನ ಪಕ್ಕದಲ್ಲಿ ಕೆಮ್ಮುತ್ತಿದ್ದ ಆರು ಜನರೂ ತಿರುಗಿ ನೋಡಿದರು, ಇವರೊಬ್ಬರು ನೋಡಲಿಲ್ಲ. ಆಗ ಇವರ ಹೆಸರು ಹಿಡಿದು ಕೂಗಿದೆ. ಮದುವೆಯಾಗಿ ಇಪ್ಪತ್ನಾಲ್ಕು ವರ್ಷದಲ್ಲಿ ಆ ಹೆಸರು ನನ್ನ ಬಾಯಿಂದ ಬಂದಿರಲಿಲ್ಲ. ಹೆಸರು ಹಿಡಿದು, ಏಕವಚನದಲ್ಲಿ, ಗಂಟಲು ಹರಿಯುವ ಹಾಗೆ:

"ಬಾರೋ ಈಚೆಗೆ! ನಾನು ಹೇಳ್ತಿದೀನಿ, ಬಾರೋ!"

ಇವರು ತಿರುಗಿದರು. ಹೊಗೆಯಲ್ಲೂ ಆ ಮುಖ ಕಂಡಿತು. ಗ್ಯಾಸು ಹೊಡೆದವರ ಮುಖವಲ್ಲ ಅದು, ಕೆನ್ನೆಗೆ ಹೊಡೆಸಿಕೊಂಡವರ ಮುಖ. ಆಮೇಲೆ ಒಳಕ್ಕೆ ಕೈ ಚಾಚಿ ಮೇಸ್ತ್ರಿಯ ಕಾಲರ್ ಹಿಡಿದು ದರದರ ಎಳೆದರು. ಮೇಸ್ತ್ರಿ ಕೊಡವಿಕೊಳ್ಳಲು ನೋಡಿದರು. ಇವರು ಬಿಡಲಿಲ್ಲ. ಇಬ್ಬರೂ ಬಿದ್ದು ಎದ್ದು ನಮ್ಮ ಕಡೆ ಬಂದರು. ಏಳು, ಎಂಟು ಎಂದು ನಾನು ಜೋರಾಗಿ ಎಣಿಸಿದೆನಂತೆ. ನನಗೆ ನೆನಪಿಲ್ಲ. ಓಟಗಾರರು ಪೈಪು ಎಳೆದು ತಂದು ಎಲ್ಲರ ಕಣ್ಣಿಗೂ ನೀರು ಬಿಡುತ್ತಿದ್ದರು.

ಮೇಸ್ತ್ರಿ ಒಳಗೆ ಇದ್ದದ್ದು ನಾಲ್ಕೈದು ಉಸಿರು ಅಷ್ಟೆ. ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ, ದೃಷ್ಟಿ ಉಳಿಯುತ್ತದೆ ಎಂದಿದ್ದಾರೆ. ಫೈರ್ ಎಂಜಿನ್ನಿನವರಿಗೆ, ಬೆನ್ನಿಗೆ ಸಿಲಿಂಡರ್ ಇದ್ದವರಿಗೆ, ಆ ವಾಲ್ವು ಮುಚ್ಚಲು ನಲವತ್ತು ನಿಮಿಷ ಹಿಡಿಯಿತು.

ಇವರು ನಿನ್ನೆಯಿಂದ ಒಂದೇ ಮಾತಾಡಿದ್ದಾರೆ. "ಎಲ್ಲರ ಮುಂದೆ ಬಾರೋ ಅಂದ್ಯಲ್ಲೇ." ಆಮೇಲೆ ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು.

ಮಾರ್ಚ್ 26, ಬುಧವಾರ

ವಿಚಾರಣೆಗೆ ಹೆಡ್ಡಾಫೀಸಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ಬಾಗಿಲಿನ ಹಾಳೆಯ ಫೋಟೋ ಅವರ ಕೈಯಲ್ಲಿತ್ತು.

"ಗ್ಯಾಸು ಪೂರ್ತಿ ಹೋಗಿದೆ. ಮೂರು ಕೋಣೆಯ ಮೀನು ಹಾಳಾಗಿದೆ. ವಾಲ್ವ್ ಮುಟ್ಟಬೇಡಿ ಅಂತ ಯಾರ ಆದೇಶ ಇದು?"

ಮ್ಯಾನೇಜರು ತಮ್ಮ ಬೂಟು ನೋಡಿಕೊಂಡರು.

"ನನ್ನದು" ಎಂದೆ.

"ನಿಮಗೇನು ಅಧಿಕಾರ?"

"ಏನೂ ಇಲ್ಲ ಸರ್. ಅಧಿಕಾರ ಇದ್ದವರು ಯಾರೂ ಬರೀಲಿಲ್ಲ."

ಅಧಿಕಾರಿ ಬಹಳ ಹೊತ್ತು ಫೈಲನ್ನು ತಿರುವಿದರು. ನಾಲ್ಕು ಬಣ್ಣದ ಇಂಕಿನ ಪುಟದಲ್ಲಿ ನಿಂತರು. ಹಸಿರು ಇಂಕು ಅವರದೇ ಇರಬೇಕು, ಬೇಗ ಮುಂದಿನ ಪುಟಕ್ಕೆ ಹೋದರು. ಕೊನೆಗೆ, ಹಾಳೆಯನ್ನು ರದ್ದು ಮಾಡಿ ಆದೇಶ ಹೊರಡಿಸಿ ಎಂದು ಹೇಳಿ ಊಟಕ್ಕೆ ಎದ್ದರು. ರದ್ದು ಆದೇಶವನ್ನು ಟೈಪು ಮಾಡಬೇಕಾದವಳೂ ನಾನೇ. ಮಾಡಿದೆ. "ಬಾಗಿಲಿನಲ್ಲಿರುವ ಸೂಚನೆಯ ಆರನೆಯ ಅಂಶವನ್ನು ರದ್ದುಪಡಿಸಲಾಗಿದೆ. ಇನ್ನು ಮುಂದೆ ಸೋರಿಕೆಯಾದಲ್ಲಿ ಪಾಳಿಯವರು ವಾಲ್ವು ಮುಚ್ಚಿಯೇ ಹೊರಬರತಕ್ಕದ್ದು." ಕೆಳಗೆ ಸಹಿಗೆ ಜಾಗ ಬಿಟ್ಟೆ.

ಮ್ಯಾನೇಜರು ಅದನ್ನು ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಹೊರಡುತ್ತಿದ್ದ ಅಧಿಕಾರಿಯ ಕಾರಿನ ತನಕ ಹಿಡಿದುಕೊಂಡು ಹೋದರು. ಅವರು ಇದು ಸ್ಥಳೀಯ ವಿಷಯ ಎಂದು ಗಾಜು ಏರಿಸಿಕೊಂಡರಂತೆ. ಆಸ್ಪತ್ರೆಗೆ ಕಳಿಸಿದರೆ ಮೇಸ್ತ್ರಿ ಕಣ್ಣಿಗೆ ಪಟ್ಟಿಯಿದೆ, ಕಾಣುವುದಿಲ್ಲ ಎಂದರಂತೆ. ಸಂಜೆ ಹಾಳೆ ಮತ್ತೆ ನನ್ನ ಟೇಬಲ್ಲಿಗೆ ಬಂತು, ಹಿಂದೆಯೇ ಮ್ಯಾನೇಜರೂ.

"ಮೇಡಂ, ಹಾಕಿದ್ದು ನೀವೇ ಅಲ್ವಾ. ತೆಗೆಯೋದಕ್ಕೂ ನೀವೇ ಒಂದು ಸೈನ್ ಮಾಡಿಬಿಡಿ. ಅಲ್ಲಿಗೆ ಮುಗೀತು. ನಿಮ್ಮ ಮೇಲೆ ಯಾವ ಕ್ರಮಾನೂ ಇರಲ್ಲ, ನಾನು ನೋಡ್ಕೋತೀನಿ."

ಮೆಷಿನ್ ರೂಮಿನ ರಿಪೇರಿ ಮುಗಿದಿದೆ. ನಾಳೆ ಎರಡು ಗಂಟೆಯಿಂದ ಇವರ ಪಾಳಿ. ಪೆನ್ನನ್ನು ಅವರ ಕಡೆಗೆ ಸರಿಸಿ, "ಮಾಡಲ್ಲ ಸರ್" ಎಂದೆ.

ಅಷ್ಟೇ ಹೇಳಿದೆ. ಹೆದರಿಕೆಗೆ ಬೇರೆ ಮಾತೇ ಬಾಯಿಗೆ ಬರಲಿಲ್ಲ.